ತಟ್ಟಿ ಕೇಳುವುದು

ಬೀದಿಯಿಂದ ನೋಡಿದರೆ ಕಲ್ಲು.
ನೂರ ಹದಿಮೂರು ವರ್ಷ ಡುಲೂತಿನ ಜನ
ಕಲ್ಲೆಂದೇ ನಂಬಿ ಅದರ ನೆರಳಲ್ಲಿ ಬಸ್ಸಿಗೆ ಕಾದರು.
ಹಗ್ಗದ ತೊಟ್ಟಿಲಲ್ಲಿ ಅದರ ಮುಖದೆದುರು ತೂಗಾಡಿದಾಗ ಗೊತ್ತಾಗುತ್ತದೆ
ಎಂಗ್‌ಸ್ಟ್ರಾಂಡ್ ಕಟ್ಟಡ ಮಣ್ಣಿನದು:
ಅಚ್ಚಿಗೊತ್ತಿ, ಕೆನೆಬಣ್ಣದ ಗಾಜು ಬಳಿದು, ಆವಿಗೆಯಲ್ಲಿ ಸುಟ್ಟ ಮಣ್ಣು.
ಒಳಗೆ ಉಕ್ಕಿನ ಎಲುಬು,
ಎಲುಬಿಗೆ ಮಣ್ಣನ್ನು ಹಿಡಿದಿಟ್ಟ ಹೆಬ್ಬೆರಳು ಗಾತ್ರದ ಕೊಕ್ಕೆಗಳು,
ಕೊಕ್ಕೆಗಳಿಗೆ ತುಕ್ಕು.

ನನ್ನ ಕೆಲಸ ಇಷ್ಟೇ: ಮರದ ಸುತ್ತಿಗೆಯಿಂದ ತಟ್ಟುವುದು, ಕೇಳುವುದು.
ಟಣ್ ಎಂದರೆ ನೀಲಿ ಸೀಮೆಸುಣ್ಣ.
ದಬ್ ಎಂದರೆ ಕೆಂಪು.
ಇದನ್ನು ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸಲಿಲ್ಲ.
ಬಾಗಲಕೋಟೆಯ ಸಂತೆಯಲ್ಲಿ ದೊಡ್ಡಮ್ಮ
ಹರವಿಗಳ ನಡುವೆ ಕುಕ್ಕರಗಾಲಲ್ಲಿ ಕೂತು
ಬೆರಳ ಗೆಣ್ಣಿನಿಂದ ಒಂದೊಂದನ್ನೂ ಮಾತಾಡಿಸುತ್ತಿದ್ದಳು.
"ಇದು ಸುಳ್ಳು ಹೇಳ್ತೈತಿ" ಎಂದು ಬದಿಗಿಡುತ್ತಿದ್ದಳು.
ಕುಂಬಾರ ಬೇರೆ ಕಡೆ ನೋಡುತ್ತಿದ್ದ.

ಕಟ್ಟಿಸಿದವನು ಗೋಧಿ ವ್ಯಾಪಾರಿ, ನೀಲ್ಸ್ ಎಂಗ್‌ಸ್ಟ್ರಾಂಡ್.
ಕೆಳಗೆ ಎರಡು ಮಹಡಿ, ತಾನೆಂದೂ ಕಾಣದ ರೋಮಿನ ಕಂಬಗಳು;
ನಡುವೆ ಏಳು ಮಹಡಿ ಬರಿಯ ಲೆಕ್ಕ: ಕಿಟಕಿ, ಗೋಡೆ, ಕಿಟಕಿ,
ಬಾಡಿಗೆಗೆ ತಕ್ಕಷ್ಟು ಬೆಳಕು;
ಮೇಲಿನ ಮೂರಕ್ಕೆ ಮತ್ತೆ ಚೀಲ ಬಿಚ್ಚಿದ್ದಾನೆ.
ಹೂಬಳ್ಳಿ, ಗೋಧಿ ತೆನೆ, ನಲವತ್ತೆಂಟು ಸಿಂಹದ ಮುಖ,
ಕೆಳಗಿನವರಿಗೆ ಅಂಗಿಯ ಗುಂಡಿಯಷ್ಟು ಕಾಣುವಂಥವು.
ಬೆನ್ನಿನ ಕಡೆ, ಓಣಿಯಲ್ಲಿ, ಸಾದಾ ಇಟ್ಟಿಗೆ;
ಹರಿದ ಬನಿಯನ್ನಿನ ಮೇಲೆ
ಜರಿ ಶಲ್ಯ ಹೊದ್ದು ಬಂದ ಬೀಗನ ಹಾಗೆ.

ಐವತ್ತೆಂಟರಲ್ಲಿ ಸೂರಂಚಿನ ಒಂದು ತುಂಡು ಬಿದ್ದು
ನಿಂತ ಕಾರೊಂದರ ಬೆನ್ನು ಮುರಿಯಿತು.
ಆ ತಿಂಗಳೇ ಇಡೀ ಸೂರಂಚನ್ನು ಒಡೆದಿಳಿಸಿದರು.
ಅಂದಿನಿಂದ ಅದಕ್ಕೆ ಟೋಪಿ ಎಲ್ಲೋ ಬಿಟ್ಟು ಬಂದವನ ಮುಖ.
ಅದಿರಿನ ಕಂಪನಿ ಹೋಯಿತು, ದಂತವೈದ್ಯರು ಬಂದರು.
ದಂತವೈದ್ಯರು ಹೋದರು, ತೆರಿಗೆ ಬರೆಯುವವರು ಬಂದರು.
ಈಗ ನಾಲ್ಕನೆಯದರಲ್ಲಿ ಒಬ್ಬ ವಕೀಲ,
ಒಂಬತ್ತನೆಯದರಲ್ಲಿ ಪಾರಿವಾಳ.

"ಕೆಂಪು ನೂರಕ್ಕೆ ನಲವತ್ತು ದಾಟಿದರೆ ಕೆಡವುವುದೇ ಅಗ್ಗ"
ಮಾಲೀಕರ ಕಡೆಯ ಹೆಂಗಸು ಕಾಫಿ ಕೊಡಿಸುತ್ತ ಹೇಳಿದಳು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಇಲ್ಲಿ ದೊಣ್ಣೆಗೂ ಟೆಂಡರ್ ಕರೆಯುತ್ತಾರೆ.
ನಿನ್ನೆ ಸಂಜೆಗೆ ಮೂವತ್ತೆಂಟು.

ಇವತ್ತು ಸರೋವರದ ಕಡೆಯ ಗೋಡೆ. ಗಾಳಿ ತೊಟ್ಟಿಲನ್ನು
ಒಲ್ಲದ ಮಗುವಿನಂತೆ ಜಗ್ಗುತ್ತದೆ.
ಸಿಂಹಗಳು ಹತ್ತಿರದಿಂದ ಅಷ್ಟೇನೂ ಸಿಂಹಗಳಲ್ಲ.
ಒಂದಕ್ಕೆ ಮೆಳ್ಳೆಗಣ್ಣು. ಒಂದು ಈಗಷ್ಟೇ ಬೈಸಿಕೊಂಡು ಬಂದಿದೆ.
ಟಣ್. ದಬ್. ದಬ್. ಟಣ್.
ಆಮೇಲೆ ಎರಡೂ ಅಲ್ಲದ್ದು,
ಅಡುಗೆಮನೆಯಲ್ಲಿ ತಾಟು ಬಿದ್ದ ಸದ್ದು.

ತಗಡು.
ಎಣ್ಣೆ ಡಬ್ಬ ಕತ್ತರಿಸಿ, ಬೆಸೆದು, ಕೆನೆಬಣ್ಣ ಬಳಿದು
ತಂತಿಯ ಮೀಸೆ ನೆಟ್ಟ ಸಿಂಹ.
ಜೊತೆಗಾರ ಡೆನ್ನಿಸ್ ಲಾಹ್ಟಿ ನಕ್ಕ ನಗೆಗೆ ಹಗ್ಗಗಳು ನಡುಗಿದವು.
ಕಿವಿಯ ಒಳಮಗ್ಗುಲಲ್ಲಿ ಪೆನ್ಸಿಲ್ಲಿನ ಅಕ್ಷರ:
ಆಂಟನ್ ಝ್ಗಾಂಕ್, ಬಾಯ್ಲರ್ ಮನೆ.
ಜನವರಿ, ಮೂವತ್ತಾರು. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.

ತೂತು ಮುಚ್ಚು ಎಂದಿದ್ದರು, ಅಷ್ಟೇ ಇದ್ದೀತು.
ನೀರಿಳಿಯದಿರಲು ಚಪ್ಪಟೆ ತಗಡು ಸಾಕಿತ್ತು.
ಸಿಂಹವನ್ನು ಯಾರೂ ಕೇಳಿರಲಿಲ್ಲ.
ಆ ಚಳಿಯಲ್ಲಿ ಉಗುರು ನೀಲಿಗಟ್ಟಿದವನು
ಹನ್ನೆರಡು ಮಹಡಿ ಎತ್ತರದಲ್ಲಿ, ಯಾರ ಕಣ್ಣೂ ಎಟುಕದಲ್ಲಿ
ಮೀಸೆ ತಿದ್ದುತ್ತ ಕೂತಿದ್ದ.

ನನ್ನ ಕಾಗದದಲ್ಲಿ ಎರಡೇ ಮನೆ: ಗಟ್ಟಿ, ಟೊಳ್ಳು.
ದೂರದಲ್ಲಿ ಅದಿರಿನ ಹಡಗು ಕೂಗುತ್ತದೆ,
ಸೇತುವೆ ನಿಧಾನಕ್ಕೆ ಮೇಲೇಳುತ್ತದೆ.
"ಯಾವ ಬಣ್ಣ?" ಡೆನ್ನಿಸ್ ಕೇಳುತ್ತಾನೆ.
ಎರಡೂ ಸೀಮೆಸುಣ್ಣ ಜೇಬಿಗೆ ಹಾಕಿ
ಇನ್ನೊಮ್ಮೆ ತಟ್ಟುತ್ತೇನೆ, ತುಸು ಜೋರಾಗಿ.

ಕೆಳಗೆ ಬಸ್ಸಿಗೆ ಕಾಯುವವನೊಬ್ಬ
ತಲೆಯೆತ್ತಿ ನೋಡುತ್ತಾನೆ.